ಕೋಳಿ ಸೀನು

"ಮಾವ ರಸ್ತೆ ಮೂಲೆ ಜಾಗವ ನಾಟಕದೋರಿಗೆ ಕೊಟ್ಬುಟ್ಟವ್ರಂತೆ. ನಿಮ್ಗೆ ಗೊತ್ತಾ ಅತ್ತೆ?"

ಪ್ರಮೀಳಾ ಇದನ್ನು ಕೇಳಿದ್ದು ಹಿಟ್ಟಿನ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ಮುದ್ದೆ ತೊಳಸುತ್ತಿದ್ದಾಗ. ಒಲೆಯ ಪಕ್ಕ ಕೂತು ಉಪ್ಸಾರಿನ ಖಾರ ಅರೆಯುತ್ತಿದ್ದ ಚಿಕ್ಕಬೋರಮ್ಮನ ಕೈಯಲ್ಲಿ ಗುಂಡುಕಲ್ಲು ನಿಂತುಹೋಯಿತು.

"ಯಾವ ಮೂಲೆ?"

"ಇನ್ಯಾವ್ದು, ಒಂಗೆಮರದ ಮೂಲೆ. ಡೈರಿ ತಾವ ಎಲ್ರ ಬಾಯಲ್ಲೂ ಅದೇ. ಮಾವ್ನ ಎಸ್ರಲ್ಲಿ ರಂಗಮಂಟಪ ಕಟ್ತಾರಂತೆ. ಹಾಲಾಕಾಕೋದ್ರೆ ಸೆಕ್ರೆಟ್ರಿ ಎದ್ನಿಂತು ನಂಗೇ ಕೈ ಮುಗಿದ. ಯಾಕಪ್ಪ ಅಂದ್ರೆ, ನೀವು ಕಲಾವಿದ್ರ ಸೊಸೆ ಅಂತಾನೆ. ಹಾಲಿನ ಡಿಗ್ರಿ ಮಾತ್ರ ಎಂದಿನಂಗೆ ಕಮ್ಮೀನೇ ಬರ್ಕೊಂಡ."

ಚಿಕ್ಕಬೋರಮ್ಮ ನಗಲಿಲ್ಲ. ಕ್ಯಾತನಹಳ್ಳಿಯಿಂದ ಪಾಂಡವಪುರಕ್ಕೆ ಹೋಗುವ ರಸ್ತೆಗೆ ತಾಗಿದ ಆ ಕಬ್ಬಿನ ಹೊಲ ಅವಳ ಅಪ್ಪ ನರಸಯ್ಯನದು. ನರಸಯ್ಯನಿಗೆ ಗಂಡು ಸಂತಾನವಿಲ್ಲದೆ, ಕೆ.ಆರ್. ಪೇಟೆ ಕಡೆಯ ತೆಳ್ಳನೆಯ ಹುಡುಗ ಕೆಂಪಣ್ಣನನ್ನು ಮನೆ ಅಳಿಯನಾಗಿ ತಂದುಕೊಂಡಿದ್ದ. ಪಹಣಿಯಲ್ಲಿ ಇವತ್ತಿಗೂ ಚಿಕ್ಕಬೋರಮ್ಮನದೇ ಹೆಸರು. ಹೊಲದ ರಸ್ತೆ ಮೂಲೆಯಲ್ಲಿ ಒಂದು ಹೊಂಗೆಮರವಿತ್ತು. ಮರದ ಬುಡದಲ್ಲಿ ಅವಳ ಚೊಚ್ಚಲ ಮಗನ ಮಣ್ಣು. ಮೂರು ವರ್ಷದ ಪುಟ್ನರಸ ಜ್ವರ ನೆತ್ತಿಗೇರಿ ಹೋದಾಗ ಅವಳಪ್ಪನೇ ಹೆಗಲ ಮೇಲೆ ಹೊತ್ತೊಯ್ದು ಅಲ್ಲಿ ಮಣ್ಣು ಮಾಡಿದ್ದ. ಪ್ರತಿವರ್ಷ ಪಿತೃಪಕ್ಷದಲ್ಲಿ ಮನೆಯ ಹಿರಿಯರಿಗೆಲ್ಲ ಎಡೆ ಇಟ್ಟಾದ ಮೇಲೆ ಚಿಕ್ಕಬೋರಮ್ಮ ಒಂದು ತುಂಡು ಬಾಳೆಲೆ ಹಿಡಿದು ಒಬ್ಬಳೇ ಹೊಲಕ್ಕೆ ಹೋಗುತ್ತಿದ್ದಳು. ಎಲೆಯ ಮೇಲೆ ಹಾಲು, ಅನ್ನ, ಒಂದಿಷ್ಟು ಬೆಲ್ಲ. ಯಾಕೆ ಹೋಗುತ್ತಾಳೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. ಕೆಂಪಣ್ಣ ಎಪ್ಪತ್ತು ದಾಟಿದ್ದರೂ ಊಟಕ್ಕೆ ಮುಂಚೆ ಮುಖಕ್ಕೆ ಸೋಪು ಹಾಕಿ ತೊಳೆದು, ಬೆಳ್ಳಿಕೂದಲನ್ನು ಹಿಂದಕ್ಕೆ ಬಾಚಿ, ನೆಟ್ಟಗೆ ಕೂರುವ ಮನುಷ್ಯ. ಮುದ್ದೆ ಮುರಿಯುವಾಗಲೂ ಯಾರೋ ನೋಡುತ್ತಿದ್ದಾರೆ ಎಂಬಂತೆ ಮುರಿಯುತ್ತಿದ್ದ.

"ನನ್ನ ಒಂದ್ಮಾತು ಕೇಳ್ದೆ ಎಂಗ್ ಕೊಟ್ರಿ?"

"ಕೊಟ್ಟಿಲ್ಲ ಕಣೆ. ಕೊಡ್ತೀನಿ ಅಂದೆ. ಕೊಡೋಳು ನೀನಲ್ವಾ, ಜಮೀನ್ದಾರ್ತಿ! ನಾನೇನು, ಮನೆ ಅಳಿಯ. ಇಕ್ಕಿದ್ದು ಉಣ್ಣೋನು."

"ಅಲ್ಲಿ ಮಗ ಅದೆ."

ಮಗ ನಿಂಗರಾಜು ತಟ್ಟೆಯಿಂದ ತಲೆಯೆತ್ತದೆ ಹೇಳಿದ.

"ಅವ್ವ, ಮಣ್ಣು ಮಣ್ಣಾಗಿ ನಲ್ವತ್ತೈದು ವರ್ಸ ಆಯ್ತು. ಅಲ್ಲಿ ಏನದೆ ಈಗ? ಎರೆಹುಳ. ಅಪ್ಪನ ಎಸ್ರು ರಸ್ತೇಲಿ ಓಗೋ ಬಸ್ಸಿನೋರಿಗೆಲ್ಲ ಕಾಣ್ತದೆ ಅಂದ್ರೆ ಬ್ಯಾಡ ಅಂತೀಯಲ್ಲ."

"ನೀನು ಉಟ್ಟೇ ಇರ್ಲಿಲ್ಲ ಕಣ್ಲಾ ಆಗ. ನೀನ್ಯಾಕೆ ಬಾಯಾಕ್ತೀಯೆ?"

"ಉಟ್ಟಿರೋನು ನಾನೊಬ್ನೇ ಅಲ್ವಾ ಇರೋದು! ಉಳುಮೆ ಮಾಡೋನು, ಕಬ್ಬು ಕಡಿಸೋನು ನಾನು. ನೀನು ಎಡೆ ಇಕ್ಕೋದು ಮಾತ್ರ ಅವ್ನಿಗೆ!"

ತಟ್ಟೆಯಲ್ಲೇ ಕೈತೊಳೆದು ಎದ್ದ. ಪ್ರಮೀಳಾ "ಅನ್ನ ಬ್ಯಾಡ್ವಾ?" ಎಂದಳು. ಬೇಡ ಎಂದವನು ಜಗಲಿಗೆ ಹೋಗಿ ಕೂತು, ಕೊಂಚ ಹೊತ್ತಿನ ಮೇಲೆ ಒಳಕ್ಕೆ ಕೂಗಿ "ಮಜ್ಗೆಗಾದ್ರೂ ಒಂದಿಡಿ ಕಲ್ಸಿ ಕೊಡು" ಎಂದ.

ಎರಡು ದಿನಕ್ಕೆ ಮರಿಸ್ವಾಮಿ ಮೇಷ್ಟ್ರು ಬಂದರು. ಪಾಂಡವಪುರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಸುತ್ತಲ ಹಳ್ಳಿಗಳಿಗೆ ನಾಟಕ ಕಲಿಸುತ್ತ ಓಡಾಡುವ ಮನುಷ್ಯ. ಮಂಟಪದ ಹುಚ್ಚು ಹತ್ತಿಸಿದ್ದೂ ಅವರೇ. ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ಕೂತ ಅವರ ಗಂಟಲು ಅಡುಗೆಮನೆಯ ಹೊಗೆಗೂಡಿನವರೆಗೆ ಕೇಳುತ್ತಿತ್ತು.

"ಓಪನಿಂಗ್ ದಿನ ನೀವು ಕೋಳಿ ಸೀನು ಮಾಡ್ಲೇಬೇಕು ಕೆಂಪಣ್ಣಾರೆ. ನಾನು ನಾಗಮಂಗಲದ ಟೆಂಟಲ್ಲಿ ನಮ್ಮಪ್ಪನ ಹೆಗಲ ಮೇಲೆ ಕೂತು ನೋಡಿದ್ದು. ಇಡೀ ಟೆಂಟು ಎದ್ದು ನಿಂತಿತ್ತು. ಈಗೊಂದ್ಸಲ ಸುಮ್ನೆ ಆ ಕೈ ಎತ್ತೋದು ತೋರ್ಸಿ, ನೋಡನ."

"ಇಲ್ಲಿ ಬೇಡ ಮೇಷ್ಟ್ರೆ. ಮನೇಲಿ ನಾನು ಬಣ್ಣ ಹಚ್ಚಲ್ಲ" ಎಂದು ಕೆಂಪಣ್ಣ ತಗ್ಗಿದ ದನಿಯಲ್ಲಿ ಹೇಳಿದ.

"ಅದೇನತ್ತೆ ಕೋಳಿ ಸೀನು?" ಪ್ರಮೀಳಾ ಪಿಸುಗುಟ್ಟಿದಳು.

"ಯಾವ್ದೋ ಕೋಳಿ ಕಳ್ಳನ ಪಾರ್ಟಿರ್ಬೇಕು. ಜನ ಬಿದ್ದು ಬಿದ್ದು ನಗ್ತಿದ್ರೇನೋ. ನಂಗೇನ್ ಗೊತ್ತು, ನಾನೆಲ್ಲಿ ನೋಡಿವ್ನಿ?"

ನಿಜಕ್ಕೂ ಅವಳು ಗಂಡನ ಒಂದು ಪಾತ್ರವನ್ನೂ ನೋಡಿರಲಿಲ್ಲ. ನಾಟಕದ ಟೆಂಟಿನಲ್ಲಿ ನಮ್ಮನೆ ಹೆಂಗಸು ಕೂರಕೂಡದು ಎಂದು ಅಪ್ಪನ ಕಟ್ಟಪ್ಪಣೆಯಿತ್ತು. ಪಿಚ್ಚರು ಪಾಂಡವಪುರದ ಟೂರಿಂಗ್ ಟಾಕೀಸಿಗೆ ಬಂದ ವರ್ಷ ನಿಂಗರಾಜನ ಬಾಣಂತನ. ಆಮೇಲೊಮ್ಮೆ, ನಾನೂ ಬರ್ಲಾ ಎಂದು ಬಾಯಿಬಿಟ್ಟು ಕೇಳಿದ್ದಳು. "ಬ್ಯಾಡ ಕಣೆ. ನಾನು ಕುಣಿಯೋದ ನೋಡಿದ್ರೆ ನಾಳೆ ನಂಗೆ ಮುದ್ದೆ ಇಕ್ಕಾಕೂ ಬರ್ದೆ ನಗ್ತೀಯೆ" ಅಂದಿದ್ದ. ಊರಿನ ಗಂಡಸರು ಕೋಳಿ ಸೀನು, ಕೋಳಿ ಸೀನು ಎಂದು ಕೊಂಡಾಡಿದಾಗಲೆಲ್ಲ ಅವಳು ಒಳಗಿದ್ದೇ ತುಟಿಯಂಚಲ್ಲಿ ನಕ್ಕಿದ್ದುಂಟು. ಕೋಳಿಯ ಹಿಂದೆ ಪಂಚೆ ಎತ್ತಿಕೊಂಡು ಓಡುವ ಗಂಡ ಅವಳ ಕಣ್ಣಿಗೆ ಕಟ್ಟಿದ್ದ.

ಕೆಂಪಣ್ಣ ಮದುವೆಯಾದ ಎರಡನೇ ವರ್ಷವೇ, ನಾಗಮಂಗಲದಲ್ಲಿ ಕ್ಯಾಂಪು ಹಾಕಿದ್ದ ಕಂಪನಿಯೊಂದರ ಬೆನ್ನು ಹತ್ತಿ ಹೋದವನು. ನೀಳ ಕತ್ತು, ಸಣ್ಣ ಸೊಂಟ. ಹೆಣ್ಣು ಪಾರ್ಟಿಗೆ ತಕ್ಕ ಮೈಕಟ್ಟು. ಮೊದಮೊದಲು ಸಿಕ್ಕಿದ್ದು ರಾಣಿಯ ಹಿಂದೆ ಚಾಮರ ಬೀಸುವ ಸಖಿಯ ಪಾರ್ಟು. ಆರು ತಿಂಗಳಿಗೊಮ್ಮೆ ಊರಿಗೆ ಬಂದರೆ ಹುಬ್ಬಿನಲ್ಲಿ ಕಪ್ಪು ಇನ್ನೂ ಅಂಟಿರುತ್ತಿತ್ತು. ಮಾವ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಪುಟ್ನರಸ ತೀರಿಕೊಂಡ ಮರುವರ್ಷ ಇದ್ದಕ್ಕಿದ್ದಂತೆ ಅದೃಷ್ಟ ತೆರೆಯಿತು. ಸಖಿ ರಾಣಿಯಾದ. ಮಗ ಸತ್ತ ತಾಯಿಯ ಪಾರ್ಟಿನಲ್ಲಿ ಕೆಂಪಣ್ಣನನ್ನು ಬಿಟ್ಟರಿಲ್ಲ ಎಂದು ಹೆಸರಾಯಿತು. ಕೆ.ಆರ್. ಪೇಟೆಯ ಕ್ಯಾಂಪಿನಲ್ಲಿ ಅವನ ಅಳುವನ್ನು ನೋಡಿದ ಮೈಸೂರಿನ ಸಿನಿಮಾದವರೊಬ್ಬರು ಕರೆದೊಯ್ದು 'ಕಣ್ಣೀರ ಕಾಲುವೆ' ಎಂಬ ಪಿಚ್ಚರಿನಲ್ಲಿ ಬಡ ರೈತನ ಪಾತ್ರ ಕೊಟ್ಟರು. "ಮಗ ಓಗೋವಾಗ ಅಪ್ಪನಿಗೆ ಅದೃಷ್ಟ ಕೊಟ್ಟೋದ" ಎಂದು ಊರವರು ಆಡಿಕೊಂಡರು. ಚಿಕ್ಕಬೋರಮ್ಮನೂ ಹಾಗೇ ಅಂದುಕೊಂಡಳು.

ಆ ಪಿಚ್ಚರಿನ ನಂತರ ಮದರಾಸು. ಅಲ್ಲಿ ಪೋಸ್ಟ್‌ಮ್ಯಾನು, ಜಡ್ಜು, ಹೆಣ್ಣಿನ ಅಪ್ಪ. ಬಣ್ಣದ ಪಿಚ್ಚರು ಬಂದ ಕಾಲಕ್ಕೆ ಕರೆಯುವವರು ಕಡಿಮೆಯಾಗಿ, ಎರಡು ಹಲ್ಲು ಬಿದ್ದ ಮೇಲೆ ನಿಂತೇಹೋಯಿತು. ಒಂದು ಟ್ರಂಕು ಹಿಡಿದು ಊರಿಗೆ ವಾಪಸು ಬಂದ. ಅಷ್ಟರಲ್ಲಿ ಚಿಕ್ಕಬೋರಮ್ಮ ಅಪ್ಪನನ್ನು ಮಣ್ಣು ಮಾಡಿ, ನಾಲೆ ನೀರಿಗೆ ರಾತ್ರಿ ಕಾದು, ಮಗನನ್ನು ಎಸ್ಸೆಸ್ಸೆಲ್ಸಿಯವರೆಗೆ ಓದಿಸಿ, ನೆರೆಹೊಲದವರ ಜೊತೆ ಬದುವಿಗಾಗಿ ಬೈದಾಡಿ ಗಂಟಲು ಒಡೆದುಕೊಂಡಿದ್ದಳು. ಗಂಡ ಬಂದಾಗ ಏನೂ ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟು ಮುದ್ದೆ ಇಕ್ಕಿದಳು.

ಜಾಗದ ಮಾತು ಬಂದ ಮೇಲೆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ತಪ್ಪಿತು. ಕೆಂಪಣ್ಣ ಅವಳು ಬಡಿಸಿದರೆ "ಸಾಕು" ಎಂದು ಕೈ ಅಡ್ಡ ಹಿಡಿಯುತ್ತಿದ್ದ. ಸೊಸೆ ಬಡಿಸಿದರೆ ಎರಡನೇ ಮುದ್ದೆಯೂ ಇಳಿಯುತ್ತಿತ್ತು. ನಿಂಗರಾಜು ಹಸುಗಳ ಮೇಲೆ ರೇಗುತ್ತಿದ್ದ. "ಅತ್ತೆ, ನೀವು ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಬೇಗ ಅದೇನಂತ ಯೋಳ್ಬುಡಿ. ಇವ್ರು ನಿಮ್ಮೇಲಿನ ಸಿಟ್ಟ ಹಸೀನ ಬೆನ್ಮೇಲೆ ತೀರಿಸ್ಕೊತಾವ್ರೆ, ಅದು ಹಾಲು ಬುಡ್ದೆ ಏರಿಸ್ಕೊಂಡ್ಬುಟ್ಟದೆ" ಎಂದು ಪ್ರಮೀಳಾ ಗೊಣಗಿದಳು.

ಮೊಮ್ಮಗಳು ಅನು ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಅಜ್ಜಿಗೆ ಅಂಟಿಕೊಂಡು ಬೆಳೆದ ಹುಡುಗಿ. ತಾತನ ಮದರಾಸಿನ ಕಥೆಗಳಿಗೆ ಬಾಯಿ ತೆರೆದು ಕೂರುವವಳೂ ಅವಳೇ. ಒಂದು ಮಧ್ಯಾಹ್ನ ಅಜ್ಜಿ, ಮೊಮ್ಮಗಳು ಇಬ್ಬರೂ ಜಗಲಿಯಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಅನು ಮೆಲ್ಲಗೆ ಕೇಳಿದಳು.

"ಅಜ್ಜಿ, ಆ ಮಗು ಹೋದಾಗ ತಾತ ಎಲ್ಲಿದ್ರು?"

"ಕೆ.ಆರ್. ಪೇಟೆ ಕ್ಯಾಂಪಲ್ಲಿ. ಆಳು ಓಗಿ ಯೋಳಿ, ಬಸ್ಸು ಸಿಕ್ದೆ, ಸಂದ್ಯಾಕೆ ಬಂದ್ರು. ಅಷ್ಟೊತ್ಗೆ ಮಗೀಗೆ ನೀರಾಕಿ ನಡುಮನೇಲಿ ಮನಗ್ಸಿದ್ರು."

"ತುಂಬಾ ಅತ್ರಾ?"

ಚಿಕ್ಕಬೋರಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು.

"ಒಂದನಿ ಇಲ್ಲ. ಅದೋ, ಆ ಕಂಬಕ್ಕೆ ಒರಗಿ ಕುಂತ್ಕೊಂಡ್ರು. ನಾನು ನೆಲ ಬಡ್ಕೊಂಡು ಬಡ್ಕೊಂಡು ಅಳ್ತಾ ಇವ್ನಿ, ಇವ್ರು ಎವೆ ಬಡೀದಂಗೆ ನನ್ನೇ ನೋಡ್ತಾ ಕುಂತವ್ರೆ. ನಮ್ಮವ್ವ ಇರೋಳು, ಎಂಥ ಕಲ್ಮನ್ಸನೇ ಇವ್ನು ಅಂದ್ಳು. ನಂಗೊತ್ತು ಕಣವ್ವ. ಕಲ್ಮನ್ಸು ಅಲ್ಲ ಅದು. ದುಕ್ಕಕ್ಕೆ ಮನ್ಸ ಕಲ್ಲಾಗ್ಬುಟ್ಟಿದ್ದ. ಆ ನೋಟ ನೋಡಿದ್ಕೇನೆ, ಆಮ್ಯಾಕೆ ಅವ್ರು ಎಲ್ಲೋದ್ರೂ, ಏನ್ ಮಾಡಿದ್ರೂ ನಾನು ಕೇಳ್ನಿಲ್ಲ. ಆವತ್ತು ಒಂದಿನ ನನ್ ಜೊತೆಗಿದ್ರಲ್ಲ, ಸಾಕು ಅಂತ."

ಅನುವಿನ ಕಣ್ಣು ತುಂಬಿತು. "ಹಂಗಾದ್ರೆ ತಾತನ ಹೆಸರು ಅಲ್ಲೇ ಇರ್ಲಿ ಅಜ್ಜಿ. ಅಪ್ಪ ಮಗ ಒಂದೇ ಕಡೆ ಇದ್ದಂಗೆ ಆಗುತ್ತಲ್ವಾ?"

ಚಿಕ್ಕಬೋರಮ್ಮ ಮೊರ ಎತ್ತಿಕೊಂಡು ಹುರುಳಿ ಕೇರಿದಳು. ಆ ರಾತ್ರಿ ಗಂಡನ ತಟ್ಟೆಯ ಮುಂದೆ ಕೂತು, "ಕೊಡ್ತೀನಿ. ಮರ ಮಾತ್ರ ಮುಟ್ಬಾರ್ದು" ಅಂದಳು. ಕೆಂಪಣ್ಣ ಅವಳ ಕೈಯಿಂದಲೇ ಎರಡನೇ ಮುದ್ದೆ ಇಕ್ಕಿಸಿಕೊಂಡ. "ಮರದ ಒಂದೆಲೆ ಮುಟ್ಸಾಕಿಲ್ಲ ಕಣವ್ವ" ಎಂದು ನಿಂಗರಾಜು ಮಾತು ಕೊಟ್ಟ.

ಗೌರಿ ಹಬ್ಬಕ್ಕೆ ಮುಂಚೆ ಪಾಂಡವಪುರಕ್ಕೆ ಹೋಗಿ ಅವಳು ಹೆಬ್ಬೆಟ್ಟು ಒತ್ತಿ ಬಂದಳು. ಅಂದು ಕೆಂಪಣ್ಣ ಅವಳನ್ನು ಹೋಟೆಲಿಗೆ ಕರೆದೊಯ್ದು ಮಸಾಲೆದೋಸೆ ಕೊಡಿಸಿದ. ಮದುವೆಯಾಗಿ ಇಷ್ಟು ಕಾಲಕ್ಕೆ ಇಬ್ಬರೇ ಹೋಟೆಲಿನಲ್ಲಿ ಕೂತದ್ದು ಅದೇ ಮೊದಲು. ಅವಳು ಹೆಬ್ಬೆರಳಿನ ಮಸಿ ಚಟ್ನಿಗೆ ತಾಗದಂತೆ ನೋಡಿಕೊಳ್ಳುತ್ತ ತಿಂದಳು.

"ಮಂಟಪದ ಒಂದು ಕಲ್ಲಲ್ಲಿ ಮಗೀನ ಎಸ್ರೂ ಕೆತ್ತಿಸನ" ಎಂದ ಕೆಂಪಣ್ಣ.

"ಎಸ್ರು ನೆಪ್ಪದಾ ನಿಮ್ಗೆ?"

"ಪುಟ್ನರಸ. ಮರೆಯೋದುಂಟಾ?"

ಬಸ್‌ಸ್ಟ್ಯಾಂಡಿನಲ್ಲಿ ಅವಳಾಗಿಯೇ ಒಂದು ಮೊಳ ಹೂವು ಕೊಂಡು ಮುಡಿದಳು. ಮನೆಗೆ ಬಂದಾಗ ಪ್ರಮೀಳಾ, "ಏನತ್ತೆ, ಜಾಗ ಬರ್ಕೊಟ್ಟು ಬಂದ್ರೋ, ಲಗ್ನ ಆಗಿ ಬಂದ್ರೋ?" ಎಂದು ಚುಡಾಯಿಸಿದಳು. "ಮುಚ್ಚು ಬಾಯ್ನ" ಎಂದ ಚಿಕ್ಕಬೋರಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡಳು.

ಆ ಪೇಪರು ಸುದ್ದಿ ಅನುವಿನ ಕಣ್ಣಿಗೆ ಬಿದ್ದದ್ದು ಹಬ್ಬ ಕಳೆದ ಮೇಲೆ. ಭಾನುವಾರ ಸಾಯಂಕಾಲ ಟೀವಿಯಲ್ಲಿ 'ಕಣ್ಣೀರ ಕಾಲುವೆ'. ಅವಳು ಪೇಪರು ಹಿಡಿದು ಓಡಿಬಂದಾಗ ಕೆಂಪಣ್ಣ ಅದನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ. "ಆ ಪಿಚ್ಚರು ಇನ್ನೂ ಉಳಿದದಾ?" ಅಷ್ಟೇ ಅಂದ. ನಿಂಗರಾಜು ಮಾತ್ರ ಊರೆಲ್ಲ ಸಾರಿದ. ಕರೆಂಟು ಹೋದರೆ ಇರಲೆಂದು ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಟೀವಿಯ ಪಕ್ಕ ಇಟ್ಟ. ಭಾನುವಾರ ನಡುಮನೆ, ಜಗಲಿ, ಅಂಗಳವೆಲ್ಲ ಜನ. ಮರಿಸ್ವಾಮಿ ಮೇಷ್ಟ್ರು ಮುಂದೆ ಚಾಪೆ ಹಾಕಿಸಿಕೊಂಡು ಕೂತಿದ್ದರು. ಪ್ರಮೀಳಾ ದೊಡ್ಡ ಪಾತ್ರೆಯಲ್ಲಿ ಟೀ ಕಾಯಿಸಿ ಸುಸ್ತಾಗಿದ್ದಳು.

"ನೀನ್ಯಾಕೆ ಕುಂತ್ಕೊತೀಯೆ, ಒಳಗೆ ಕೆಲ್ಸ ಇಲ್ವಾ?" ಎಂದ ಕೆಂಪಣ್ಣ ಹೆಂಡತಿಗೆ.

"ಮುಪ್ಪಿಗಾದ್ರೂ ನೋಡ್ಬಾರ್ದಾ ನಿಮ್ ಕುಣಿತ?" ಎಂದು ಅವಳು ಬಾಗಿಲ ಪಕ್ಕ ಗೋಡೆಗೊರಗಿ ಕೂತೇಬಿಟ್ಟಳು. ಜನ ನಕ್ಕರು.

ಕಪ್ಪು ಬಿಳುಪಿನ ಪರದೆಯ ಮೇಲೆ ತನ್ನ ಗಂಡ ಬಂದಾಗ ಅವಳಿಗೆ ಮೊದಲು ಗುರುತೇ ಸಿಗಲಿಲ್ಲ. ಹರಕು ಪಂಚೆ, ಹೆಗಲಲ್ಲಿ ಟವಲು, ಮುಖದ ತುಂಬ ಹರೆಯ. ಹಾಡಿದ, ಉತ್ತ, ಸಾಹುಕಾರನ ಕಾಲು ಹಿಡಿದ. ಕೋಳಿ ಯಾವಾಗ ಬರುತ್ತದೋ ಎಂದು ಅವಳು ನಗುವಿಗೆ ತಯಾರಾಗಿ ಕಾದಳು.

ಕತೆಯಲ್ಲಿ ರೈತನ ಮಗನಿಗೆ ಜ್ವರ ಬಂತು. ಹುಡುಗ ತೀರಿಕೊಂಡ. ನಡುಮನೆಯಲ್ಲಿ ಮಲಗಿಸಿದ್ದಾರೆ. ತಲೆದಿಕ್ಕಿನಲ್ಲಿ ಅಕ್ಕಿಯ ಗುಪ್ಪೆ, ಅದರ ಮೇಲೆ ದೀಪ. ರೈತ ಬಂದು ಮಗುವಿನ ಕಾಲ ಬಳಿ ಕುಸಿದ. ಎಡಗೈಯಲ್ಲಿ ನೆಲ ಬಡಿದ. ಬಡಿದ ಕೈಯನ್ನು ಟವಲಿಗೆ ಒರೆಸಿಕೊಂಡು ಮಗುವಿನ ಅಂಗಾಲು ಉಜ್ಜತೊಡಗಿದ.

"ಕಾಲು ತಣ್ಣಗದೆ. ಯಾರಾರ ಕಂಬ್ಳಿ ತತ್ತಾರ್ರೋ... ನನ್ನಪ್ಪನ ಕಾಲು ತಣ್ಣಗದೆ..."

ಚಿಕ್ಕಬೋರಮ್ಮನ ಬೆನ್ನು ಗೋಡೆಯಿಂದ ಮೇಲೆದ್ದಿತು.

ಆಗ ಬಂತು ಕೋಳಿ. ಬಾಗಿಲಿಂದ ಒಳಗೆ ಬಂದು, ಕತ್ತು ಕೊಂಕಿಸಿ, ದೀಪದ ಅಡಿಯ ಅಕ್ಕಿಯನ್ನು ಕುಕ್ಕಿತು. ಬೋರಿಡುತ್ತಿದ್ದ ರೈತ ಥಟ್ಟನೆ ಅಳು ನಿಲ್ಲಿಸಿದ. ಕೈ ಎತ್ತಿದ. ದಿನಾ ಅಂಗಳದಲ್ಲಿ ಓಡಿಸುವ ದನಿಯಲ್ಲೇ "ಊಷ್, ಓಗತ್ಲಾಗೆ" ಎಂದ. ಕೋಳಿ ಓಡಿತು. ಎತ್ತಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ತುಟಿ ಅಲ್ಲಾಡಿಸಿದ. ಪಿಟೀಲು ಏರಿತು, ಮಾತು ಕೇಳಲಿಲ್ಲ. ಮತ್ತೆ ತಲೆಯೆತ್ತಿ ಹಾಕಿದ ಕೂಗಿಗೆ ಅಂಗಳದಲ್ಲಿದ್ದ ಗಂಡಸರೂ ಮೂಗು ಸೀಟಿದರು.

"ನೋಡ್ರಪ್ಪ, ನೋಡ್ರಪ್ಪ!" ಮರಿಸ್ವಾಮಿ ಮೇಷ್ಟ್ರು ಅಳುತ್ತಲೇ ಕೂಗಿದರು. "ಇದಪ್ಪಾ ಕೋಳಿ ಸೀನು! ಇಂಥ ಕಲ್ಪನೆ ಯಾವನಿಗಾದ್ರೂ ಬರ್ತದಾ!"

ಪ್ರಮೀಳಾ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದಳು. ಅನು ಮಾತ್ರ ಅಳುತ್ತಿರಲಿಲ್ಲ. ತಿರುಗಿ ಅಜ್ಜಿಯ ಮುಖ ನೋಡಿದಳು. ಆ ಮುಖದಲ್ಲಿ ರಕ್ತವಿರಲಿಲ್ಲ.

ಅದು ಅವಳ ಅಳು. ನೆಲ ಬಡಿದದ್ದು ಅವಳ ಎಡಗೈ. ಬಲಗೈ ಮಗುವಿನ ಮೇಲಿತ್ತು, ಅದಕ್ಕೇ ಎಡಗೈ. ಕಂಬಳಿ ಕೇಳಿದ್ದು ಅವಳು. ಮುಸ್ಸಂಜೆಯಲ್ಲಿ ಒಳಗೆ ಬಂದ ಕೋಳಿ ಅವಳದೇ ಕಪ್ಪು ಹೇಂಟೆ. ಅಳುವ ನಡುವೆ ಕೋಳಿ ಓಡಿಸಿದ್ದಕ್ಕೆ ಅವಳು ಎಷ್ಟೋ ರಾತ್ರಿ ತನ್ನನ್ನೇ ಬೈದುಕೊಂಡಿದ್ದಳು. ಎಂಥ ತಾಯಿ ನಾನು, ಆ ಗಳಿಗೆಯಲ್ಲೂ ನನಗೆ ಅಕ್ಕಿಯ ಮೇಲೆ ಗ್ಯಾನವಿತ್ತಲ್ಲ ಎಂದು. ಅದನ್ನು ಯಾರೂ ಕಂಡಿಲ್ಲ ಎಂದುಕೊಂಡಿದ್ದಳು.

ಅವಳು ಕೆಂಪಣ್ಣನತ್ತ ತಿರುಗಿದಳು. ಅವನು ಟೀವಿ ನೋಡುತ್ತಿರಲಿಲ್ಲ. ಕಂಬಕ್ಕೆ ಒರಗಿ, ಎವೆಯಿಕ್ಕದೆ, ಅವಳನ್ನೇ ನೋಡುತ್ತಿದ್ದ.

ಜನ ಕರಗಿದ ಮೇಲೆ ಚಿಕ್ಕಬೋರಮ್ಮ ಟೀ ಲೋಟಗಳನ್ನೆಲ್ಲ ಒಬ್ಬಳೇ ಬೆಳಗಿದಳು. ಪ್ರಮೀಳಾ ಬಂದರೆ "ನೀನು ಓಗು" ಎಂದಳು. ಹೊಗಳಿಕೆಯಲ್ಲಿ ಮೈ ಬಿಸಿಯಾಗಿದ್ದ ಕೆಂಪಣ್ಣ ಬಚ್ಚಲ ಬಾಗಿಲಲ್ಲಿ ಬಂದು ನಿಂತ.

"ಎಂಗಿತ್ತು?"

"ಆವತ್ತು ನೀವು ಕಂಬಕ್ಕೆ ಒರ್ಗಿ ಕುಂತು ಏನ್ ನೋಡ್ತಿದ್ರಿ?"

"ನಿನ್ನೇ ಕಣೆ. ಕಂಪನೀಲಿ ಅಳೋದ ಕಲಿಸೋರು, ಎದೆ ಬಡ್ಕೋ, ತಲೆ ಕೆದರ್ಕೋ ಅಂತ. ಎಲ್ಲಾ ಸುಳ್ಳು. ನಿನ್ ಕೈ ಆ ಕೋಳಿ ಮ್ಯಾಲೆ ಎದ್ದಿದ್ದ ನೋಡಿದ್ನಲ್ಲ, ಮೈ ಜುಮ್ಮಂತು. ಯಾವ ಮೇಷ್ಟ್ರೂ ಅದ ಯೋಳ್ಕೊಡಾಕಾಗಲ್ಲ. ನನ್ ಬದುಕು ಮಾಡಿದ್ದೇ ಆ ಕೈ. ನೀನೇ ನನ್ ಗುರು, ತಿಳ್ಕೋ."

ಅವಳು ತಿಕ್ಕುತ್ತಿದ್ದ ಲೋಟವನ್ನು ಕೆಳಗಿಟ್ಟಳು.

"ನಿಮ್ಗೆ ಅಳು ಬರ್ನಿಲ್ವಾ?"

"ಬಂದಿತ್ತು. ತಡಕೊಂಡೆ. ನಾನೂ ಅಳ್ತಾ ಕುಂತಿದ್ರೆ ನೋಡೋದೆಂಗೆ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಮುಚ್ಚಿಡಬೇಕಾದ ಮಾತು ಅದೆಂದೂ ಅವನಿಗೆ ಅನಿಸಿದಂತಿರಲಿಲ್ಲ. ಅವಳು ಬಚ್ಚಲಿನ ನೀರನ್ನು ಎರಡು ಕೈಯಲ್ಲಿ ಬಳಿದು ಹೊರಗೆ ಚೆಲ್ಲಿದಳು.

ಬೆಳಗ್ಗೆ ಹಾಲು ಕರೆಯುತ್ತಿದ್ದ ನಿಂಗರಾಜನ ಪಕ್ಕ ಹೋಗಿ ನಿಂತು, "ಜಾಗ ವಾಪಸ್ ಬೇಕು" ಅಂದಳು.

"ಏನಂದೆ?"

"ಕೊಡಾಕಿಲ್ಲ. ಪಾಂಡವಪುರಕ್ಕೋಗಿ ವಡ್ದಾಕ್ಸು ಅದ."

"ಅವ್ವ, ರಿಜಿಸ್ಟ್ರಾಗದೆ. ಚಿನಕುರಳಿಯಿಂದ ಕಲ್ಲು ಬರ್ತಾ ಅವೆ. ನಿನ್ನೆ ಅಷ್ಟು ಜನದ ಮುಂದೆ ಮೆರೆದು ಇವತ್ತು ಇಲ್ಲ ಅನ್ನಾಕಾಯ್ತದಾ? ಆಗಿದ್ದೇನು?"

ಆಗಿದ್ದೇನು ಎಂದು ಹೇಳಲು ಅವಳು ಬಾಯಿ ತೆರೆದಳು. ನಿನ್ನಪ್ಪ ನನ್ನ ಅಳು ಕದ್ದ ಎಂದರೆ ಈ ನಲವತ್ತರ ಗಂಡಸು ನಗುತ್ತಾನೆ. ಅಳುವೇನು ಚಿನ್ನದ ಸರವೇ?

"ನಿಮ್ಮಪ್ಪ ಅತ್ತಿರ್ನಿಲ್ಲ ಕಣ್ಲಾ" ಎಂದಳು ಕೊನೆಗೆ.

"ಅಯ್ಯೋ, ನಿನ್ನೆ ಊರೇ ನೋಡ್ತಲ್ಲವ್ವ, ಎಂಗೆ ಅತ್ರು!" ಎಂದ ನಿಂಗರಾಜು.

ಅಂದಿನಿಂದ ಚಿಕ್ಕಬೋರಮ್ಮ ಗಂಡನ ಮುಂದೆ ಕೂತು ಬಡಿಸುವುದನ್ನು ಬಿಟ್ಟಳು. ತಟ್ಟೆ ಇಟ್ಟು, ಸಾರಿನ ಪಾತ್ರೆ ಇಟ್ಟು, ಗೋಡೆಯ ಆಚೆಗೆ ಸರಿದು ನಿಲ್ಲುವಳು. "ಉಪ್ಪು" ಎಂದರೆ ಗೋಡೆಯ ಅಂಚಿನಿಂದ ಕೈ ಮಾತ್ರ ಬರುತ್ತಿತ್ತು. "ಮಾವ್ನ ಕಂಡ್ರೆ ಹೊಸ ಮದ್ವಣಗಿತ್ತಿ ಥರ ನಾಚ್ತೀರಲ್ಲ ಅತ್ತೆ" ಎಂದು ಪ್ರಮೀಳಾ ನಗಿಸಲು ನೋಡಿದಳು. ಅನು ಮಾತ್ರ ಒಂದು ಸಂಜೆ ಅಜ್ಜಿಯ ಪಕ್ಕ ಕೂತು, "ಅಪ್ಪ ಮಗ ಒಂದೇ ಕಡೆ ಅಂತ ನಾನು ಹೇಳಬಾರದಿತ್ತು ಅಜ್ಜಿ" ಎಂದಳು. "ನೀನೇನ್ ಮಾಡ್ದೆ ಬುಡು. ನಂಬಿದ್ದು ನಾನು" ಎಂದು ಚಿಕ್ಕಬೋರಮ್ಮ ಅವಳ ಜಡೆ ಬಿಚ್ಚಿ ಬಾಚತೊಡಗಿದಳು.

ಪಿತೃಪಕ್ಷ ಶುರುವಾದ ವಾರ ಹೊಲದ ಕಡೆಯಿಂದ ಕೊಡಲಿಯ ಸದ್ದು ಬಂತು. ಬುನಾದಿಗೆ ಬೇರು ಅಡ್ಡ ಬರುತ್ತದೆಂದು ಯಾರೋ ಹೇಳಿದರಂತೆ. ನಿಂಗರಾಜು ತಡೆಯಲಿಲ್ಲ. ಮಧ್ಯಾಹ್ನ ಹೊಂಗೆಯ ಕೊಂಬೆಗಳನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದು ಹಿತ್ತಲಲ್ಲಿ ಒಟ್ಟಿ, "ಸೌ‌ದೆ ಆಯ್ತದೆ, ಹಬ್ಬಕ್ಕೆ" ಎಂದು ತಾಯಿಯ ಮುಖ ನೋಡದೆ ಹೇಳಿದ. ಚಿಕ್ಕಬೋರಮ್ಮ ಆ ಸೌದೆಯಲ್ಲಿ ಒಂದು ಕಡ್ಡಿಯನ್ನೂ ಒಲೆಗೆ ಹಾಕಗೊಡಲಿಲ್ಲ. ಹಬ್ಬದ ಅಡುಗೆಯೆಲ್ಲ ತೆಂಗಿನ ಸೋಗೆಯಲ್ಲೇ ಬೆಂದಿತು. ಹೊಗೆಗೆ ಪ್ರಮೀಳಾಳ ಕಣ್ಣು ಕೆಂಪಾದವು.

ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಟ್ಟಾಯಿತು. ಕಜ್ಜಾಯ, ವಡೆ, ಮಾಂಸದ ಸಾರು, ಹೊಸ ಬಟ್ಟೆ. ಎಲ್ಲರೂ ಅಡ್ಡಬಿದ್ದು ಎದ್ದ ಮೇಲೆ ಚಿಕ್ಕಬೋರಮ್ಮ ಬಾಳೆಲೆಯ ತುಂಡಿನಲ್ಲಿ ಹಾಲನ್ನ ಕಲಸಿ, ಬೆಲ್ಲ ಇಟ್ಟು ಹೊರಟಳು. ಹಿಂದೆ ಹೆಜ್ಜೆಯ ಸದ್ದು ಕೇಳಿ ತಿರುಗಿದರೆ ಕೆಂಪಣ್ಣ.

"ನಾನೂ ಬತ್ತೀನಿ ಕಣೆ ಈ ಸಲ."

ಇಬ್ಬರೂ ಹಿಂದೆ ಮುಂದೆ ನಡೆದರು. ಮೂಲೆಯಲ್ಲಿ ಮರವಿದ್ದ ಜಾಗದಲ್ಲಿ ಬೊಡ್ಡೆ, ಅದರ ಸುತ್ತ ಚಿನಕುರಳಿಯ ಕಲ್ಲುಗಳ ಗುಡ್ಡೆ. ಸುಣ್ಣದಲ್ಲಿ ಎಳೆದ ಬಿಳಿ ಗೆರೆ ಬೊಡ್ಡೆಯ ಮೇಲೇ ಹಾದುಹೋಗಿತ್ತು.

"ಒಂದ್ಮಾತು ಕೇಳ್ಲಾ?" ಕೆಂಪಣ್ಣ ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಂಡ. ಅವನ ದನಿ ಮೆತ್ತಗಿತ್ತು, ಬೇಡುವವನ ದನಿಯಂತೆ. "ಆವತ್ತು ಕೋಳಿ ಓಡ್ಸಿದ್ಮ್ಯಾಲೆ ನೀನು ಬಗ್ಗಿ ಮಗೀನ ಕಿವೀಲಿ ಏನೋ ಅಂದೆ. ಕಂಬದ ತಾವ್ಕೆ ಕೇಳಿಸ್ನಿಲ್ಲ ನಂಗೆ. ಅಷ್ಟು ವರ್ಸ ನಾಟ್ಕದಲ್ಲೂ ಸುಮ್ನೆ ತುಟಿ ಅಲ್ಲಾಡಿಸ್ದೆ. ಪಿಚ್ಚರಲ್ಲಿ ಪಿಟೀಲು ಮುಚ್ಚಾಕ್ತು. ಓಪನಿಂಗ್ ದಿನ ಇದೇ ಜಾಗದಲ್ಲಿ ಮಾಡ್ಬೇಕಲ್ಲ, ಕೊನೇ ಸಲ. ಪಿಟೀಲಿರಲ್ಲ. ಏನಂದಿದ್ದೆ ಬೋರಿ?"

ಚಿಕ್ಕಬೋರಮ್ಮ ಎಲೆಯನ್ನು ಬೊಡ್ಡೆಯ ಪಕ್ಕದ ಮಣ್ಣಿನ ಮೇಲಿಟ್ಟಳು.

"ಅದೊಂದು ನನ್ತಾವೇ ಇರ್ಲಿ" ಎಂದಳು.

"ಯೋಳೇ. ಯಾರ್ಗೂ ನಿಂದು ಅಂತ ಯೋಳಾಕಿಲ್ಲ."

"ಇಷ್ಟು ದಿನ ಯಾರ್ಗಾದ್ರೂ ಯೋಳಿದ್ರಾ, ಈಗ ಯೋಳಾಕೆ?"

ಅವಳು ಸೆರಗನ್ನು ತಲೆಯ ಮೇಲೆ ಹೊದ್ದು ಬಾಯಿಗೆ ಅಡ್ಡ ಎಳೆದುಕೊಂಡಳು. ಬಗ್ಗಿ, ಮಣ್ಣಿಗೆ ಮುಖ ತಾಗುವಷ್ಟು ಬಗ್ಗಿ, ಸೆರಗಿನೊಳಗೇ ಆ ಮಾತನ್ನು ಹೇಳಿದಳು. ಕೆಂಪಣ್ಣ ಕಲ್ಲಿನಿಂದ ಮುಂದಕ್ಕೆ ಬಾಗಿದ. ರಸ್ತೆಯಲ್ಲಿ ಕಬ್ಬಿನ ಗಾಡಿಯೊಂದು ಕಿರುಗುಟ್ಟುತ್ತ ಹೋಯಿತು. ಅವನಿಗೆ ಈ ಸಲವೂ ಕೇಳಿಸಲಿಲ್ಲ.

ಅವಳು ತಲೆಯೆತ್ತುವ ಹೊತ್ತಿಗೆ ರಸ್ತೆಯಾಚೆಯ ಯಾರದೋ ಮನೆಯ ಕೋಳಿಯೊಂದು ಕಲ್ಲಿನ ಸಂದಿಯಿಂದ ಬಂದು ಎಲೆಯ ಮುಂದೆ ನಿಂತಿತ್ತು. ಕತ್ತು ಕೊಂಕಿಸಿ ಒಮ್ಮೆ ಅವಳನ್ನು, ಒಮ್ಮೆ ಅನ್ನವನ್ನು ನೋಡಿತು. ಕೆಂಪಣ್ಣನ ಕಣ್ಣು ಅವಳ ಕೈಯ ಮೇಲೆ ನೆಟ್ಟವು. ಅದೇ ನೋಟ, ಎವೆ ಬಡಿಯದ ನೋಟ.

ಕೋಳಿ ಹಾಲನ್ನವನ್ನು ಕುಕ್ಕಿತು. ಮತ್ತೆ ಕುಕ್ಕಿತು. ಬೆಲ್ಲದ ಚೂರನ್ನು ಎಳೆದಾಡಿ ಎಲೆಯನ್ನೇ ಮಗುಚಿ ಹಾಕಿತು.

ಚಿಕ್ಕಬೋರಮ್ಮ ಎರಡು ಕೈಗಳನ್ನೂ ಮಡಿಲಲ್ಲಿ ಮಡಚಿಟ್ಟುಕೊಂಡು, ಅದು ತಿಂದು ಮುಗಿಸುವವರೆಗೆ ಕದಲದೆ ಕೂತಿದ್ದಳು.